ಅಕ್ಕನ ಪಾಟ್ಲಿಗೆ ಕಾಗದ ಇರಲಿಲ್ಲ

ಮಸ್ಕತ್ತಿನ ನಮ್ಮ ರೂಮಿನಲ್ಲಿ ಒಂದು ಪದ್ಧತಿ ಇತ್ತು. ಊರಿಗೆ ಹೊರಟವನನ್ನು ಹಾಗೇ ಕಳಿಸುತ್ತಿರಲಿಲ್ಲ. ಮೊದಲು ರೂಮಿನ ಕಸ್ಟಮ್ಸ್ ದಾಟಬೇಕು, ಆಮೇಲೆ ಸರಕಾರದ್ದು. ಇಸ್ತ್ರಿ ಟೇಬಲ್ಲೇ ಕೌಂಟರು. ಅಧಿಕಾರಿ ನಾನು. ವಾರವೆಲ್ಲ ಹೋಟೆಲೊಂದರ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವವನು, ಶುಕ್ರವಾರ ಕಪ್ಪು ಕನ್ನಡಕ ಏರಿಸಿ ಭಾರತ ಸರಕಾರ ಆಗುತ್ತಿದ್ದೆ.

ನನಗೆ ಬರುವುದು ಅದೊಂದೇ ವಿದ್ಯೆ, ಇನ್ನೊಬ್ಬರ ಗಂಟಲು. ಸಿಂಧನೂರು ಬಸ್‌ಸ್ಟ್ಯಾಂಡಿನ ಮೈಕು, ಅಕ್ಕಿ ಮಿಲ್ಲಿನ ಹಮಾಲರನ್ನು ಬೈಯುವ ಮುಕಾದಮ, ಕಾಲುವೆ ಕ್ಯಾಂಪಿನ ತೆಲುಗು ಅಜ್ಜಿ, ಯಾರನ್ನು ಬೇಕಾದರೂ ಕರೆತರುತ್ತಿದ್ದೆ. ನಿನ್ನ ಸ್ವಂತದ ಗಂಟಲು ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತಿತ್ತು.

ರೂಮಿನಲ್ಲಿ ನಾವು ಮೂವರು. ಲಿಂಗಸುಗೂರಿನ ಡ್ರೈವರಣ್ಣ, ಜವಳಗೇರಾದ ಎಲೆಕ್ಟ್ರಿಷಿಯನ್, ಆಮೇಲೆ ನಾನು. ಡ್ರೈವರಣ್ಣ ರಜೆಗೆ ಹೊರಟಾಗ ನಡೆದ ತಪಾಸಣೆ ಇನ್ನೂ ನೆನಪಿದೆ.

“ಏನದು ಉದ್ದಂದು?”

“ಟಿ.ವಿ. ಸಾಹೇಬ್ರ.”

“ಹೊಸದಾ ಹಳೇದಾ?”

“ಹಳೇದ್ರಿ. ಅದಕ್ಕಂತನ ಖೋಕಾ ಹರದು ಒಗದೀನಿ.”

“ಖೋಕಾ ಹರದರ ಹಳೇದಾಗತೈತೇನಲೇ? ನಿನ್ನ ಲಗ್ನದ ಅಂಗಿ ಹರದೈತಿ, ಮತ್ತೊಂದು ಲಗ್ನ ಮಾಡ್ಕೊಂತೀಯೇನು? ಟಿ.ವಿ.ಗೆ ಸುಂಕ ಬಿಡಂಗಿಲ್ಲ. ಸಣ್ಣದಿರಲಿ ದೊಡ್ಡದಿರಲಿ, ಕಟ್ಟಬೇಕು.”

“ಲೇ, ಖರೇ ಸಾಹೇಬರಾದ್ರೂ ಇಷ್ಟು ಹಲ್ಕಟ್ ಇರಂಗಿಲ್ಲಲೇ.”

ಎಲೆಕ್ಟ್ರಿಷಿಯನ್ ಹಾಸಿಗೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದ. ಡ್ರೈವರಣ್ಣ ಟಿ.ವಿ.ಯನ್ನು ರೂಮಿನಲ್ಲೇ ಬಿಟ್ಟು ಹೋದ. ಅದರಲ್ಲಿ ನಾವು ವರ್ಷವಿಡೀ ಪುಕ್ಕಟೆ ಕ್ರಿಕೆಟ್ ನೋಡಿದೆವು.

ನಿಯಮಗಳನ್ನು ನಾನು ಕಲಿತದ್ದು ಹೀಗೆ, ನಟಿಸಿ ನಟಿಸಿ. ಉಟ್ಟು ತೊಟ್ಟು ಬಳಸಿದ ಸಾಮಾನಿಗೆ ಸುಂಕವಿಲ್ಲ. ಹೊಸ ಸಾಮಾನಿಗೆ ಇಂತಿಷ್ಟು ಬೆಲೆಯವರೆಗೆ ವಿನಾಯಿತಿ, ಅದರ ಮೇಲಿನದಕ್ಕೆ ಸುಂಕ. ಆ ಮಿತಿ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಬೇಕು. ವರ್ಷಕ್ಕಿಂತ ಹೆಚ್ಚು ಹೊರಗಿದ್ದವನು ಒಡವೆ ತರಬಹುದು, ಗಂಡಸಿಗೆ ಇಪ್ಪತ್ತು ಗ್ರಾಂ, ಹೆಂಗಸಿಗೆ ನಲವತ್ತು. ಒಡವೆ ಎಂದರೆ ಒಡವೆಯೇ, ಚಿನ್ನದ ಬಿಸ್ಕತ್ತು ಅದರಲ್ಲಿ ಸೇರುವುದಿಲ್ಲ. “ನನ್ನ ಇಪ್ಪತ್ತೂ ನೀನ ಒಯ್ಯೋ” ಎಂದು ಎಲೆಕ್ಟ್ರಿಷಿಯನ್ ಒಮ್ಮೆ ಧಾರಾಳವಾಗಿ ಹೇಳಿದ್ದ. ಹಾಗೆ ಒಬ್ಬರದು ಇನ್ನೊಬ್ಬರಿಗೆ ಕೂಡಿಸಲು ಬರುವುದಿಲ್ಲ. ಹಸಿರು ದಾರಿಯಲ್ಲಿ ಹೋದರೆ ‘ನನ್ನ ಹತ್ತಿರ ಸುಂಕ ಕಟ್ಟುವಂಥದ್ದು ಏನೂ ಇಲ್ಲ’ ಎಂದು ನಡೆದೇ ಹೇಳಿದಂತೆ. ಇದ್ದರೆ ಕೆಂಪು ದಾರಿಯಲ್ಲಿ ಹೋಗಿ ಬಾಯಿ ಬಿಟ್ಟು ಹೇಳಬೇಕು.

ಇನ್ನೊಂದು ಇತ್ತು. ರಜೆ ಮುಗಿಸಿ ಮರಳಿದ ಡ್ರೈವರಣ್ಣನೇ ಅದನ್ನು ಕೇಳಿಕೊಂಡು ಬಂದಿದ್ದ. ಊರಿನಿಂದ ಹೊರಡುವಾಗ ಮೈಮೇಲಿನ ಒಡವೆಯನ್ನು ಅಲ್ಲಿನ ಕಸ್ಟಮ್ಸಿನವರಿಗೆ ತೋರಿಸಿದರೆ ಒಂದು ಕಾಗದ ಬರೆದುಕೊಡುತ್ತಾರೆ. ತಿರುಗಿ ಬರುವಾಗ ಆ ಕಾಗದ ಇದ್ದರೆ ಒಡವೆಗೆ ಸುಂಕದ ಮಾತೇ ಇಲ್ಲ, ಅದು ನಮ್ಮದೇ, ನಮ್ಮ ಮನೆಯಿಂದಲೇ ಹೋದದ್ದು.

ಅದನ್ನು ಕೇಳಿದ ದಿನ ಭಾರತ ಸರಕಾರದ ಬಾಯಿ ಒಣಗಿತು. ನನ್ನ ಪೆಟ್ಟಿಗೆಯ ತಳದಲ್ಲಿ ಅಕ್ಕನ ಪಾಟ್ಲಿ ಇದ್ದವು.

ಪಾಟ್ಲಿ ಎಂದರೆ ಅಗಲ ಪಟ್ಟಿಯ ಬಂಗಾರದ ಬಳೆ. ಅಕ್ಕನ ಲಗ್ನಕ್ಕೆ ಅವ್ವ ತನ್ನ ಮೈಮೇಲಿದ್ದುದನ್ನೆಲ್ಲ ಕರಗಿಸಿ, ಸಿಂಧನೂರಿನ ಪತ್ತಾರನಿಂದ ಒಂದು ಜೋಡಿ ಮಾಡಿಸಿದ್ದಳು. ಅವ್ವ ತೀರಿದ ಮೇಲೆ ನನಗೆ ಅಕ್ಕನೇ ಅವ್ವ. ಮಸ್ಕಿಯ ಅವಳ ಮನೆಯಲ್ಲೇ ಉಂಡು ಬೆಳೆದವನು ನಾನು. ಮಸ್ಕಿಯಿಂದ ಮಸ್ಕತ್ತಿಗೆ ಹೋಗುತ್ತೇನೆ, ಎರಡೇ ಅಕ್ಷರ ದೂರ ಎಂದು ನಾನು ಹಲ್ಲು ಕಿಸಿದರೆ ಅವಳು ನಗಲಿಲ್ಲ. ಹೊರಡುವ ಮುಂಜಾನೆ ಕೈಯಿಂದ ಪಾಟ್ಲಿ ಬಿಚ್ಚಿ, ಅರಿವೆಯ ಸಣ್ಣ ಚೀಲದಲ್ಲಿಟ್ಟು ಹೊಲಿದು, ನನ್ನ ಉಡದಾರಕ್ಕೆ ಕಟ್ಟಿದಳು.

“ಪರದೇಶ ಐತಿ. ಹೊಟ್ಟಿಗೆ ಸಿಗಲಿಲ್ಲ, ಯಾವನರ ಮೋಸ ಮಾಡಿದ, ಇವನ್ನ ಮಾರಿ ವಿಮಾನ ಹತ್ತು. ಯಾರಿಗೂ ತೋರಸಬ್ಯಾಡಲೇ ಮಂಗ್ಯಾ. ಏರ್‌ಪೋರ್ಟಿನಾಗ ಕಸ್ಕೊಂತಾರ.”

“ಅಕ್ಕಾ, ಮಂಗ್ಯಾಗ ಬಂಗಾರ ಕೊಟ್ಟವರು ನೀನ ಮೊದಲು.”

“ಸುಮ್ನಿರಲೇ.”

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಬಾಗಿಲು ಕುಂಯ್ ಎಂದಿತು. ಖಾಕಿಯವನೊಬ್ಬ ಅಂಗಿ ಎತ್ತಿಸಿ, ಚೀಲ ಮುಟ್ಟಿ, ಬಿಚ್ಚಿಸಿ ನೋಡಿ, ಹೋಗು ಎಂದ. ಅವನು ಹುಡುಕುವುದು ಚಾಕು ಚೂರಿ, ಅವನಿಗೂ ಸುಂಕಕ್ಕೂ ಸಂಬಂಧವಿಲ್ಲ ಎಂದು ಆಗ ನನಗೆಲ್ಲಿ ಗೊತ್ತು? ಖಾಕಿ ತೊಟ್ಟವನು ನೋಡಿದನಲ್ಲ, ಸರಕಾರ ನೋಡಿದಂತೆಯೇ ಅಂದುಕೊಂಡೆ. ಅದಕ್ಕೂ ಮುಂಚೆ, ಕಾಗದ ಬರೆದುಕೊಡುವವರ ಕೌಂಟರಿನ ಮುಂದಿನಿಂದಲೇ, ಹೊಟ್ಟೆ ಒಳಗೆಳೆದುಕೊಂಡು, ಕಳ್ಳನ ಹಾಗೆ ದಾಟಿಹೋಗಿದ್ದೆ. ತೋರಿಸಬೇಕಾದಲ್ಲಿ ಮುಚ್ಚಿಟ್ಟೆ.

ಇಷ್ಟೇ ಆಗಿದ್ದರೆ ಅಕ್ಕನಿಗೊಂದು ಫೋನು ಮಾಡಿ ಇಬ್ಬರೂ ಹಣೆ ಚಚ್ಚಿಕೊಂಡು ನಗಬಹುದಿತ್ತು. ಆದರೆ ಅಷ್ಟರಲ್ಲಿ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು.

ತಪ್ಪು ನನ್ನದೇ. ಅಕ್ಕನ ಗಂಡ, ನಮ್ಮ ಮಾವ, ಮಸ್ಕಿಗೆ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಮಾಸ್ತರ. ಏನು ಹೇಳುವುದಿದ್ದರೂ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಂಡು “ಅಂದ್ರ ಏನಪಾ ಅಂದ್ರ” ಎನ್ನುವುದು ಅವರ ರೂಢಿ. ಉಪ್ಪು ಕೇಳುವುದಕ್ಕೂ ಅದು ಬೇಕು. “ಅಂದ್ರ ಏನಪಾ ಅಂದ್ರ, ಸಾರಿಗೆ ಉಪ್ಪು ಕಡಿಮಿ ಐತಿ.” ಒಂದು ಶುಕ್ರವಾರ ರೂಮಿನವರು ನಗಲಿ ಎಂದು ಮಾವ ತರಕಾರಿ ಸಂತೆಯಲ್ಲಿ ಬದನೆಕಾಯಿ ಚೌಕಾಶಿ ಮಾಡುವುದನ್ನು ಮಾಡಿ ತೋರಿಸಿದೆ. ಎಲೆಕ್ಟ್ರಿಷಿಯನ್ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ. ಚೆನ್ನಾಗಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅದನ್ನು ನಾನೇ ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಗುಂಪಿನಿಂದ ಅದು ಯಾರ್ಯಾರದೋ ಫೋನಿಗೆ ಹೋಗಿ, ಕೊನೆಗೆ ಮಾವನ ಶಾಲೆಗೆ ಹೋಯಿತು. ಹುಡುಗರು ಮಾವ ಬೋರ್ಡಿನ ಕಡೆ ತಿರುಗಿದೊಡನೆ ಹಿಂದಿನಿಂದ “ಅಂದ್ರ ಏನಪಾ ಅಂದ್ರ” ಎನ್ನತೊಡಗಿದರು. ಸಹೋದ್ಯೋಗಿಗಳು ಹಾಜರಿ ಪುಸ್ತಕ ಕೊಡುವಾಗಲೂ ಅದನ್ನೇ.

ಅಕ್ಕ ಫೋನು ಮಾಡಿದಳು. ಬೈಯಲಿಲ್ಲ.

“ನಿನ್ನ ಬಾಯಿಗೆ ನಮ್ಮ ಮನೀನ ಸಿಕ್ತೇನಲೇ? ನಿನಗ ಅನ್ನ ಹಾಕಿದ ಮನಷ್ಯಾನ?”

ಅಷ್ಟೇ. ಆಮೇಲೆ ನನ್ನ ನಂಬರು ಅವಳ ಫೋನಿನೊಳಗೆ ಹೋಗಲಿಲ್ಲ. ಹನ್ನೊಂದು ತಿಂಗಳು. ನಡುವೆ ಮಾವನಿಂದ ಒಂದು ಸಾಲು ಬಂತು: “ನಿಮ್ಮ ಅಕ್ಕ ಪಾಟ್ಲಿ ಕೇಳಾಕತ್ತಾಳ.” ನಾನು ಮಾರಿಕೊಂಡಿರಬೇಕು ಎಂದು ಬಂಧುಗಳಲ್ಲೊಬ್ಬರು ಅಕ್ಕನ ಕಿವಿಯಲ್ಲಿ ಹಾಕಿದ್ದರಂತೆ. ನಾನು ಮಾರಿರಲಿಲ್ಲ. ಹೊಟ್ಟೆಗೂ ಸಿಕ್ಕಿತ್ತು, ಯಾರೂ ಮೋಸವನ್ನೂ ಮಾಡಿರಲಿಲ್ಲ. ಎರಡನ್ನೂ ಹಾಗೇ ಒಯ್ದು ಅವಳ ಕೈಗೆ ಕೊಡಬೇಕು. ಆಮೇಲೆ ಮಾತಾಡಿದರೆ ಮಾತಾಡಲಿ, ಬಿಟ್ಟರೆ ಬಿಡಲಿ ಎಂದುಕೊಂಡು ರಜೆ ಕೇಳಿದೆ. ‘ಬಿಟ್ಟರೆ ಬಿಡಲಿ’ ಎಂಬುದು ಬರೀ ಬಾಯಿಮಾತು.

ನನ್ನ ಸರದಿ ಬಂದಾಗ ರೂಮಿನಲ್ಲಿ ಯಾರೂ ಇರಲಿಲ್ಲ. ಎಲೆಕ್ಟ್ರಿಷಿಯನ್ ಆ ದೇಶಕ್ಕೇ ಸಲಾಮು ಹೊಡೆದು ಜವಳಗೇರಾ ಸೇರಿದ್ದ. ಡ್ರೈವರಣ್ಣನನ್ನು ವಾರದ ಮಟ್ಟಿಗೆ ಬೇರೆ ಊರಿಗೆ ಕಳಿಸಿದ್ದರು. ಮಗಳಿಗೆ ಒಂದು ಬಣ್ಣದ ಪೆನ್ಸಿಲ್ ಡಬ್ಬಿ, ಹೆಂಡತಿಗೆ ಹಾಲಿನಪುಡಿ, ಎರಡನ್ನೂ ನನ್ನ ಹಾಸಿಗೆಯ ಮೇಲಿಟ್ಟು ಹೋಗಿದ್ದ. ಪದ್ಧತಿ ಬಿಡಬಾರದಲ್ಲ? ಶುಕ್ರವಾರ ಮಧ್ಯಾಹ್ನ ಇಸ್ತ್ರಿ ಟೇಬಲ್ ಎಳೆದೆ, ಪೆಟ್ಟಿಗೆ ಇಟ್ಟೆ. ಈ ಕಡೆ ನಿಂತು ಅಧಿಕಾರಿಯಾಗಿ ಕೇಳುವುದು, ಸುತ್ತು ಹಾಕಿ ಆ ಕಡೆ ಹೋಗಿ ನಾನಾಗಿ ಉತ್ತರಿಸುವುದು.

“ಏನೈತಲೇ ಇದರಾಗ?”

ಸುತ್ತು.

“ಖಜೂರ, ಸೋಪು, ಅಂಗಿ, ಒಬ್ಬರ ಹಾಲಿನಪುಡಿ.”

ಸುತ್ತು.

“ಈ ಪಾಟ್ಲಿ ಯಾರವು?”

ಆ ಕಡೆ ಹೋಗಿ ನಿಂತೆ. ಅಕ್ಕನವು ಎಂದರೆ, ಅಕ್ಕ ಎಲ್ಲಿದ್ದಾಳೆ, ಫೋನು ಹಚ್ಚು ಎನ್ನುತ್ತಾನೆ. ಆ ಅಧಿಕಾರಿ ಎಷ್ಟು ಹಲ್ಕಟ್ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟೇಬಲ್ ಮಡಚಿ ಗೋಡೆಗೆ ಒರಗಿಸಿದೆ. ಆ ಮಧ್ಯಾಹ್ನ ರೂಮಿನಲ್ಲಿ ಏಸಿಯ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಅದನ್ನೂ ಅನುಕರಿಸಿ ನೋಡಿದೆ, ಬಂತು.

ಹೈದರಾಬಾದಿನಲ್ಲಿ ಇಳಿದಾಗ ಬೆಳಗ್ಗೆ ಒಂಬತ್ತು. ಪೆಟ್ಟಿಗೆ ಎಳೆದುಕೊಂಡು ಎರಡು ದಾರಿ ಕೂಡುವಲ್ಲಿ ನಿಂತೆ. ನನ್ನ ವಿಮಾನದವರೆಲ್ಲ ಹಸಿರಿನಲ್ಲಿ ಸರಸರ ಹೋಗುತ್ತಿದ್ದರು. ಮತ್ತೆ ಉಡದಾರಕ್ಕೆ ಕಟ್ಟಿಕೊಂಡು ಹೋಗಿಬಿಡಲೇ ಎಂದು ಅನ್ನಿಸಿದ್ದು ನಿಜ. ಆದರೆ ಹೇಳದೆ ಹೋಗಿ ಸಿಕ್ಕರೆ ಪಾಟ್ಲಿ ಪೂರ್ತಿ ಹೋಗುತ್ತವೆ, ಮೇಲೆ ದಂಡ. ಆಗ ಅಕ್ಕನ ಪಾಲಿಗೆ ನಾನು ಮಾರಿಕೊಂಡವನೇ. ಕೆಂಪಿನ ಕಡೆ ತಿರುಗಿದೆ. ಆ ದಾರಿಯಲ್ಲಿ ನಾನೊಬ್ಬನೇ.

ಕೌಂಟರಿನಲ್ಲಿದ್ದವರು ಒಬ್ಬ ನಡುವಯಸ್ಸಿನ ಅಧಿಕಾರಿಣಿ. ನೆಗಡಿಯಾಗಿತ್ತು, ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತಿದ್ದರು. ನಾನು ಎರಡು ವರ್ಷ ಆಡಿಸಿದ ಅಧಿಕಾರಿಯ ಗತ್ತು ಅವರಲ್ಲಿ ಚೂರೂ ಇರಲಿಲ್ಲ. ನಮ್ಮ ಕ್ಯಾಂಪಿನ ತೆಲುಗಿನಲ್ಲಿ ನಾನು ಎಲ್ಲ ಹೇಳಿದೆ. ಖಜೂರದಿಂದ ಶುರುಮಾಡಿ, ಹಾಲಿನಪುಡಿ ನನ್ನದಲ್ಲ ಇನ್ನೊಬ್ಬರದು ಎಂಬಲ್ಲಿಯವರೆಗೆ. ಅವರು ಕೈ ಅಡ್ಡ ಹಿಡಿದರು.

“ಹಾಲಿನಪುಡಿ ಇರಲಿ ಬಿಡಪ್ಪ. ಚಿನ್ನ ತೋರಿಸು.”

ತೂಕ ಮಾಡಿದರು. ಜೋಡಿ ಸೇರಿ ಇಪ್ಪತ್ತೆಂಟು ಗ್ರಾಂ. ನನಗಿರುವುದು ಇಪ್ಪತ್ತು. ಮೇಲಿನ ಎಂಟಕ್ಕೆ ಸುಂಕ, ಇವು ಇಲ್ಲಿಂದಲೇ ಹೋದವು ಎಂದು ತೋರಿಸಲು ಆಗದಿದ್ದರೆ.

“ಹೋಗುವಾಗ ಪತ್ರ ಮಾಡಿಸಿದ್ದೆಯಾ?”

“ಇಲ್ಲ ಮೇಡಂ.”

“ಯಾಕೆ?”

“ಉಡದಾರದಲ್ಲಿ ಮುಚ್ಚಿಟ್ಟುಕೊಂಡಿದ್ದೆ. ನೀವು ಕಸಿದುಕೊಳ್ಳುತ್ತೀರಿ ಅಂತ.”

ಅವರು ನನ್ನನ್ನು ನೋಡಿದರು, ಸೀನಿದರು. ಪಾಟ್ಲಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ ಹೋದರು. ಹೂಬಳ್ಳಿಯ ಚಿತ್ತಾರದ ಸಂದಿಯಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆದಕಿದರು.

“ಇದೇನು?”

ನಾನೂ ಬಾಗಿ ನೋಡಿದೆ. “ಜೋಳದ ಹಿಟ್ಟು ಮೇಡಂ. ರೊಟ್ಟಿ ಬಡಿಯುವಾಗ ಮೆತ್ತಿದ್ದು.”

ಎರಡು ವರ್ಷ ನನ್ನ ಪೆಟ್ಟಿಗೆಯ ತಳದಲ್ಲಿ ಅಕ್ಕನ ಹಿಟ್ಟು ಇತ್ತು, ನಾನು ನೋಡಿರಲೇ ಇಲ್ಲ.

“ಹಳೆಯದು ಅಂತ ನನಗೂ ಕಾಣುತ್ತದೆ,” ಎಂದರು. “ಆದರೆ ಹಿಟ್ಟಿನ ಹೆಸರು ಹೇಳಿ ನಾನು ಫೈಲು ಬರೆಯಲಿಕ್ಕೆ ಬರುವುದಿಲ್ಲ. ನಿನ್ನ ಅಕ್ಕ ಇವನ್ನು ತೊಟ್ಟ ಹಳೆಯ ಫೋಟೋ ತರಿಸು. ಮಾಡಿಸಿದ ರಸೀದಿ ಇದ್ದರೆ ಅದೂ. ಇಲ್ಲದಿದ್ದರೆ ಸುಂಕ ಕಟ್ಟು. ಕಟ್ಟುವವರೆಗೆ ಇವು ಇಲ್ಲೇ ಇರುತ್ತವೆ, ನಿನಗೆ ಚೀಟಿ ಕೊಡುತ್ತೇವೆ.”

ಸುಂಕ ಕಟ್ಟುವಷ್ಟು ದುಡ್ಡು ಕೈಯಲ್ಲಿ ಇರಲಿಲ್ಲ. ಚೀಟಿ ಒಯ್ದು ಅಕ್ಕನ ಕೈಗೆ ತೊಡಿಸಲೇ?

ಅಕ್ಕನ ಫೋನಿಗೆ ನನ್ನ ಕರೆ ಹೋಗದು. ಮಾವನಿಗೇ ಹಚ್ಚಬೇಕಾಯಿತು. ಬೆರಳು ಎರಡು ಸಲ ಹಿಂದೆ ಬಂತು. ಮೂರನೆಯ ಸಲ ಗಂಟೆ ಬಡಿಯಿತು. ಆ ಕಡೆ ಹುಡುಗರ ಗದ್ದಲ.

“ಮಾವಾ, ನಾನ್ರಿ.”

ಗದ್ದಲ ದೂರವಾಯಿತು. ವರಾಂಡಕ್ಕೆ ಬಂದಿರಬೇಕು.

“ಎಲ್ಲಿದೀ?”

“ಹೈದರಾಬಾದ್ ಏರ್‌ಪೋರ್ಟಿನಾಗ ಅದೀನ್ರಿ. ಅಕ್ಕನ ಪಾಟ್ಲಿ ತಂದೀನಿ. ಇಲ್ಲಿ ತಡದಾರ. ಅಕ್ಕ ಅವನ್ನ ಹಾಕ್ಕೊಂಡಿದ್ದ ಫೋಟೋ ಬೇಕಂತ, ಲಗ್ನದ್ದು. ಪತ್ತಾರನ ಚೀಟಿ ಇದ್ರ ಅದೂ ಕಳಸ್ರಿ.”

ಮಾವ ಗಂಟಲು ಸರಿಮಾಡಿಕೊಂಡರು. ಈಗ ಬರುತ್ತದೆ ಎಂದು ನನ್ನ ಕಿವಿ ತಾನಾಗೇ ಕಾದಿತು. ಬರಲಿಲ್ಲ. ಗಂಟಲು ಸರಿಮಾಡಿಕೊಂಡ ಮೇಲೆ ಒಂದು ಖಾಲಿ. ಆ ಮೂರು ಶಬ್ದ ಹಿಡಿಯುವಷ್ಟು, ಅಳತೆ ತೆಗೆದ ಹಾಗೆ ಅಷ್ಟೇ ಖಾಲಿ. ಅದು ಮುಗಿದ ಮೇಲೆ ಮಾತು.

“ಮನೀಗೆ ಹೋಗಿ ಕಳಸ್ತೀನಿ. ಅಲ್ಲೇ ಕೂಡು.”

ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಇನ್ನೊಂದು ವಿಮಾನ ಇಳಿಯಿತು, ಅದರ ಜನವೂ ಹಸಿರಿನಲ್ಲಿ ಹೋಯಿತು. ಹೊರಗೆ ಗಾಜಿನಾಚೆ ಹೂವು, ಬಲೂನು ಹಿಡಿದು ನಿಂತವರು. ಸಾಮಾನ್ಯವಾಗಿ ಇಂಥಲ್ಲಿ ಕೂತರೆ ನಾಲ್ಕು ಜನರ ನಡಿಗೆ, ಇಬ್ಬರ ನಗೆ ಕದ್ದು ಜೇಬಿಗೆ ಹಾಕಿಕೊಳ್ಳುವವನು ನಾನು. ಅವತ್ತು ಮಾವನ ಆ ಖಾಲಿಯೊಂದೇ ಕಿವಿಯಲ್ಲಿತ್ತು. ಮಾಡಿ ನೋಡೋಣ ಎಂದು ಗಂಟಲು ಸರಿಮಾಡಿಕೊಂಡೆ. ಸುಮ್ಮನಿರುವುದನ್ನು ಮಾಡುವುದು ಹೇಗೆ?

ಒಂದೂವರೆ ತಾಸಿನ ಮೇಲೆ ಮಾವನ ಫೋನಿನಿಂದ ಎರಡು ಚಿತ್ರ ಬಂದವು. ಒಂದು ಪತ್ತಾರನ ಹಳದಿ ಚೀಟಿ, ಮಡಿಕೆ ಮಡಿಕೆಯಲ್ಲಿ ಹರಿದಿದ್ದರೂ ತೂಕ ಓದಬಹುದು. ಇನ್ನೊಂದು ಲಗ್ನದ ಫೋಟೋ. ಹಿಂದೆ ಬುದ್ಧನ ಪಟ, ಮುಂದೆ ಬಿಳಿ ಸೀರೆಯ ಅಕ್ಕ ವಂದನೆಗೆ ಎರಡೂ ಕೈ ಮುಗಿದಿದ್ದಾಳೆ. ಎರಡೂ ಕೈಯಲ್ಲಿ ಪಾಟ್ಲಿ, ಹೂಬಳ್ಳಿ ಎಣಿಸುವಷ್ಟು ಸ್ಪಷ್ಟ. ಫೋಟೋವನ್ನು ಯಾರೋ ಹಿಡಿದಿದ್ದರು, ಮೂಲೆಯಲ್ಲಿ ಒಂದು ಹೆಬ್ಬೆರಳು ಕಾಣುತ್ತಿತ್ತು. ಉಗುರಿನ ಕೆಳಗೆ ರೊಟ್ಟಿ ಹಂಚು ತಾಗಿ ಸುಟ್ಟ ಹಳೆಯ ಕಲೆ. ಹನ್ನೊಂದು ತಿಂಗಳಲ್ಲಿ ನಾನು ಕಂಡ ಅಕ್ಕ ಅಷ್ಟೇ, ಒಂದು ಹೆಬ್ಬೆರಳು. ನಾನು ಅದನ್ನೇ ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡುತ್ತಿದ್ದೆ.

“ಫೋಟೋ ಬಂತೇನಪ್ಪ?” ಎಂದು ಅಧಿಕಾರಿಣಿ ಎರಡನೆಯ ಸಲ ಕೇಳಿರಬೇಕು.

ಅವರು ಫೋಟೋವನ್ನೂ ಪಾಟ್ಲಿಯನ್ನೂ ಪಕ್ಕಪಕ್ಕ ಹಿಡಿದು ನೋಡಿದರು, ಒಳಗೆ ಹೋಗಿ ಮೇಲಿನವರಿಗೆ ತೋರಿಸಿದರು. ಬಂದು ಬರೆದುಕೊಂಡು ನನ್ನ ಸಹಿ ಹಾಕಿಸಿದರು. ಬಳಸಿದ ಒಡವೆ, ಇಲ್ಲಿಂದಲೇ ಹೋದದ್ದು, ಸುಂಕ ಇಲ್ಲ. “ಮುಂದಿನ ಸಲ ಹೋಗುವಾಗಲೇ ತೋರಿಸು. ನಾವೇನೂ ಕಸಿದುಕೊಳ್ಳುವುದಿಲ್ಲ,” ಎಂದು ಮತ್ತೆ ಸೀನಿದರು.

ರಾಯಚೂರು, ಮಾನ್ವಿ ದಾಟಿ ಸಿಂಧನೂರಿಗೆ ಬಂದಾಗ ಸಂಜೆ. ಅವ್ವನ ಕಾಲದ ಬಾಡಿಗೆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿಗೆ ಹೋದೆ. ಆಧಾರ್ ಕಾರ್ಡು ನೋಡಿದ ಮ್ಯಾನೇಜರ ನನ್ನನ್ನೂ ಕಾರ್ಡನ್ನೂ ಎರಡೆರಡು ಸಲ ನೋಡಿದ.

“ಇದ ಊರಾಗಿನವರು, ಲಾಡ್ಜಿಗೆ ಯಾಕ್ರಿ?”

“ಹೆಂಡ್ತಿ ಹೊರಗ ಹಾಕ್ಯಾಳ್ರಿ,” ಎಂದೆ. ಅವನಿಗೆ ನಂಬಿಕೆ ಬಂತು. ನನಗೆ ಹೆಂಡತಿಯೇ ಇಲ್ಲ.

ಮರುದಿನ ಬೆಳಗ್ಗೆ ಲಿಂಗಸುಗೂರು ಬಸ್ಸು ಹತ್ತಿದೆ. ಮಸ್ಕಿ ನಡುವೆ ಬರುತ್ತದೆ. ಬಂತು. ಕಂಡಕ್ಟರ್ “ಮಸ್ಕಿ, ಮಸ್ಕಿ” ಎಂದು ಕೂಗಿದ, ನಾನು ಕಿಟಕಿಯ ಆ ಕಡೆ ನೋಡುತ್ತ ಕೂತೆ. ಮೊದಲು ಹಾಲಿನಪುಡಿ ಮುಟ್ಟಿಸುವುದು ಧರ್ಮ ಎಂದು ನನಗೆ ನಾನೇ ಹೇಳಿಕೊಂಡೆ. ಹಾಲಿನಪುಡಿಗಾಗಲಿ ಪೆನ್ಸಿಲ್ ಡಬ್ಬಿಗಾಗಲಿ ಅಂಥ ಅವಸರವೇನೂ ಇರಲಿಲ್ಲ. ಲಿಂಗಸುಗೂರಿನಲ್ಲಿ ಡ್ರೈವರಣ್ಣನ ಹೆಂಡತಿ ಚಹಾ ಕೊಟ್ಟು, “ನಮ್ಮವರು ಹೆಂಗ ಮಾತಾಡ್ತಾರ ಒಮ್ಮೆ ಮಾಡಿ ತೋರಸ್ರಿ, ನೀವು ಭಾಳ ಚಂದ ಮಾಡ್ತೀರಂತ” ಎಂದರು. ಮಗಳೂ ಬಂದು ಎದುರಿಗೆ ಕೂತಳು. ಗಂಟಲು ಕೆಟ್ಟಿದೆ ಎಂದು ಎದ್ದುಬಂದೆ.

ಮಸ್ಕಿ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ಭಾನುವಾರ, ಮಾವ ಮನೆಯಲ್ಲಿದ್ದರು. ಬಾಗಿಲಲ್ಲಿ ನನ್ನನ್ನು ನೋಡಿ ಎದ್ದು ನಿಂತು, ತಾವು ಕೂತಿದ್ದ ಕುರ್ಚಿಯನ್ನೇ ನನ್ನ ಕಡೆ ಸರಿಸಿದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಪಾಟ್ಲಿಯ ಚೀಲವನ್ನು ಮಾವನ ಕೈಗೆ ಕೊಟ್ಟೆ. ಮಾವ ಒಳಗೆ ಒಯ್ದರು. ರೊಟ್ಟಿಯ ಸದ್ದು ಬಹಳ ಹೊತ್ತು ನಿಂತಿತು.

ಹೊರಗೆ ಬಂದ ಮಾವನಿಗೆ ಹೇಳಬೇಕೆಂದುಕೊಂಡಿದ್ದನ್ನು ಬಸ್ಸಿನಲ್ಲಿ ಎಷ್ಟೋ ಸಲ ತಾಲೀಮು ಮಾಡಿದ್ದೆ. “ಮಾವಾ, ಅವತ್ತು ನಾ ಮಾಡಿದ್ದು ತಪ್ಪಾತ್ರಿ,” ಎಂದೆ. ಯಾರ ಗಂಟಲಿನಲ್ಲೂ ಅಲ್ಲ. ಹಾಗಾಗಿ ಸರಿಯಾಗಿ ಕೇಳಿಸಿತೋ ಇಲ್ಲವೋ.

ಮಾವ ಗಂಟಲು ಸರಿಮಾಡಿಕೊಂಡರು. ನನ್ನ ಮುಖ ನೋಡಿದರು. ಮತ್ತೆ ಅದೇ ಖಾಲಿ.

“ಆತು ಬಿಡು,” ಎಂದರು. “ಹುಡುಗರೂ ಈಗ ಮರತಾರ.”

ಮರೆತದ್ದು ಹುಡುಗರು. ಮಾವ ಮರೆಯುವುದಕ್ಕೆ ಹೋಗಿ ತಮ್ಮ ಮಾತನ್ನೇ ಬಿಟ್ಟುಬಿಟ್ಟಿದ್ದರು. ಇಪ್ಪತ್ತೆಂಟು ಗ್ರಾಮಿನಲ್ಲಿ ಒಂದು ಗುಂಜಿಯೂ ಕಡಿಮೆಯಾಗದಂತೆ ತಂದಿದ್ದೆ, ಇದನ್ನು ಎಲ್ಲಿಂದ ತರಲಿ?

ಒಳಗಿನಿಂದ ಅಕ್ಕನ ಧ್ವನಿ ಬಂತು. ನನಗಲ್ಲ.

“ಕೈಕಾಲು ತೊಕ್ಕೊಂಡು ಉಣ್ಣಾಕ ಕೂಡು ಅನ್ರಿ ಅವಂಗ.”

ಮಾವ ನನ್ನ ಕಡೆ ತಿರುಗಿ, ನಾನು ಪಕ್ಕದ ಊರಿನಲ್ಲಿದ್ದೇನೆ ಎಂಬಂತೆ ಹೇಳಿದರು, “ಉಣ್ಣಾಕ ಕೂಡಬೇಕಂತ.”

ಕೂತೆ. ತಾಟು ಬಂತು, ಮಾವನ ಕೈಯಲ್ಲೇ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ಬದನೆಕಾಯಿಯೇ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಒಳಗೆ ಅಕ್ಕ ಮುಂದಿನ ರೊಟ್ಟಿ ಬಡಿಯತೊಡಗಿದಳು. ಈ ಸಲ ಬಡಿತದ ನಡುವೆ ಬಂಗಾರ ಗಾಜಿನ ಬಳೆಗೆ ತಾಗುವ ಸಣ್ಣ ಸದ್ದೂ ಇತ್ತು. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಮೊಣಕೈಯಷ್ಟೇ ಕಾಣುತ್ತಿತ್ತು.

“ಇನ್ನೊಂದು ರೊಟ್ಟಿ ಬೇಕೇನಂತ ಕೇಳ್ರಿ.”

“ಇನ್ನೊಂದು ಬೇಕೇನಂತ,” ಎಂದರು ಮಾವ.

ಹೊಟ್ಟೆ ತುಂಬಿತ್ತು. “ಬೇಕಂತ ಹೇಳ್ರಿ ಮಾವಾ,” ಎಂದೆ.

ಮಾವ ಒಳಗೆ ಹೋಗಿ ಹೇಳಿದರು.